ಸಾಲ ಅಳಿಸುವವರು ಯಾರು? ಜತ್ತದ ಕಡೆಯಿಂದ 'ಚೋಮನ ದುಡಿ'ಯ ಒಂದು ಓದು

ಕೆಲವು ವರ್ಷಗಳ ಹಿಂದೆ, ಜತ್ತ ತಾಲ್ಲೂಕಿನ ಪೂರ್ವಭಾಗದ ಹಳ್ಳಿಗಳಿಂದ ಬಂದವರೇ ಹೆಚ್ಚಾಗಿದ್ದ ಒಂದು ತರಗತಿಗೆ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಪಾಠ ಹೇಳುತ್ತಿದ್ದೆ. ಕಾಫಿ ತೋಟದ ಹಳೆಯ ಸಾಲವನ್ನು ವಸೂಲಿ ಮಾಡಲು ಮನ್ವೇಲ ಬರುವ ಭಾಗವನ್ನು ಓದಿ ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ, ಚೋಮಗ ಉಚಲ ಎಷ್ಟ ಕೊಟ್ಟಿದ್ರರೀ?" ತರಗತಿಯಲ್ಲಿ ಯಾರೂ ನಗಲಿಲ್ಲ, ಪ್ರಶ್ನೆ ಅವರಿಗೆ ಸಹಜವಾಗಿಯೇ ಕೇಳಿಸಿತ್ತು. ನಾನು ಮಾತ್ರ ಒಂದು ಬಗೆಯ ಪಂಡಿತ ಗರ್ವದಿಂದ, ಉಚಲ ಬೇರೆ, ಜೀತದ ಸಾಲ ಬೇರೆ, ಕಾದಂಬರಿಯ ಕಾಲ ಬೇರೆ, ನಮ್ಮ ಕಾಲ ಬೇರೆ ಎಂದು ತಿದ್ದಿದೆ. ತಿದ್ದುವಿಕೆ ತಪ್ಪಾಗಿತ್ತೆಂದು ಮನವರಿಕೆಯಾಗಲು ನನಗೆ ಬಹಳ ಕಾಲ ಬೇಕಾಯಿತು. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಉಚಲ ಎಂಬುದು ಈ ಪತ್ರಿಕೆಯ ಓದುಗರಿಗೆ ಹೊಸ ಪದವಲ್ಲ. ಆದರೂ ಅದರ ವ್ಯವಹಾರವನ್ನು ಒಮ್ಮೆ ಬಿಡಿಸಿ ಹೇಳಬೇಕು, ಏಕೆಂದರೆ ವಿಮರ್ಶೆಯ ಲೋಕದಲ್ಲಿ ಅದು ಇನ್ನೂ ಸ್ಥಳೀಯ ವಿವರವಾಗಿಯೇ ಉಳಿದಿದೆ. ಮಳೆಗಾಲದಲ್ಲಿ, ಮನೆಯಲ್ಲಿ ಜೋಳ ಮುಗಿಯುವ ಹೊತ್ತಿಗೆ, ಕಬ್ಬು ಕಡಿಯಲು ಬರುವುದಾಗಿ ಒಪ್ಪಿಕೊಂಡ ಗಂಡಹೆಂಡಿರಿಗೆ ಮುಕಾದಮನು ಮುಂಗಡವಾಗಿ ಕೊಡುವ ಹಣ ಉಚಲ. ಆ ಗಂಡಹೆಂಡಿರ ಜೋಡಿಗೆ ಲೆಕ್ಕದ ಪುಸ್ತಕದಲ್ಲಿ ಹೆಸರು 'ಕೋಯತಾ', ಅಂದರೆ ಕಬ್ಬು ಕಡಿಯುವ ಕತ್ತಿ. ಹತ್ತು ಹದಿನೈದು ಕೋಯತಾಗಳು ಸೇರಿದರೆ ಒಂದು ಟೋಳಿ. ದಸರೆಯ ನಂತರ ಟೋಳಿ ಊರು ಬಿಡುತ್ತದೆ; ಪಶ್ಚಿಮಕ್ಕೆ ವಾಳವಾ, ಕೊಲ್ಹಾಪುರ, ಸಾತಾರಾ ಕಡೆಗೆ ಇಲ್ಲವೇ ಗಡಿ ದಾಟಿ ಅಥಣಿ, ಚಿಕ್ಕೋಡಿಗಳ ಕಡೆಗೆ. ಹಂಗಾಮು ಮುಗಿಯುವವರೆಗೆ ಕಡಿದ ಟನ್ನುಗಳ ಕೂಲಿ ಉಚಲಕ್ಕೆ ಜಮೆಯಾಗುತ್ತ ಹೋಗುತ್ತದೆ. ಒಬ್ಬರು ಒಂದು ದಿನ ಮಲಗಿದರೂ ಜೋಡಿಯೇ ಗೈರುಹಾಜರಾದಂತೆ. ಅದಕ್ಕೆ ಹಾಕುವ ದಂಡಕ್ಕೆ 'ಖಾಡಾ' ಎಂದು ಹೆಸರು. ಕೊನೆಯಲ್ಲಿ ಉಚಲ ಪೂರ್ತಿ ಮುರಿಯದಿದ್ದರೆ ಬಾಕಿ ಮುಂದಿನ ಹಂಗಾಮಿಗೆ ಹೋಗುತ್ತದೆ, ಅದರೊಂದಿಗೆ ಮನುಷ್ಯರೂ ಹೋಗುತ್ತಾರೆ. ಗುಡ್ಡಾಪುರದ ದಾನಮ್ಮನ ಜಾತ್ರೆ ಛಟ್ಟಿ ಅಮಾವಾಸ್ಯೆಗೆ. ಆ ಹೊತ್ತಿಗೆ ಕಬ್ಬಿನ ಹಂಗಾಮು ಭರಾಟೆಯಲ್ಲಿರುತ್ತದೆ.

ಈ ಶಬ್ದಕೋಶದಲ್ಲಿ ಕಾರ್ಮಿಕ ಎಂಬ ಪದವಿಲ್ಲ, ಮಾಲಕ ಎಂಬ ಪದವೂ ಇಲ್ಲ, ಕೂಲಿ ಎಂಬುದು ಕಡೆಗೆ ಬರುತ್ತದೆ. ಹಕ್ಕಿನ ಪ್ರಶ್ನೆ ಏಳುವ ಮೊದಲೇ ಭಾಷೆ ಅದನ್ನು ತಡೆದು ನಿಲ್ಲಿಸಿದೆ. ಕೋಯತಾ ಎಂಬ ಪದದಲ್ಲಿ ಕನ್ನಡಿಗನ ಕಿವಿಗೆ 'ಕೊಯ್' ಧಾತು ಕೇಳಿಸದೆ ಇರದು. ನಮ್ಮ ಕ್ರಿಯಾಪದದ ನೆನಪನ್ನು ಹೊತ್ತ ಒಂದು ಮರಾಠಿ ನಾಮಪದ ಇಲ್ಲಿ ಇಬ್ಬರು ಮನುಷ್ಯರ ಬದಲಿಗೆ ನಿಂತುಬಿಟ್ಟಿದೆ. ಕೂಲಿ ಕತ್ತಿಯ ಹೆಸರಿಗೆ ಬರುತ್ತದೆ. ಕತ್ತಿಯನ್ನು ಹಿಡಿದ ಹೆಂಗಸಿಗೆ ತನ್ನದೇ ಕೂಲಿ ಎಂಬುದಿಲ್ಲ, ಆಕೆ ಅರ್ಧ ಕೋಯತಾ. 2019ರಲ್ಲಿ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಗರ್ಭಕೋಶ ತೆಗೆಸಿದ ಸುದ್ದಿ ದೇಶವನ್ನು ಬೆಚ್ಚಿಬೀಳಿಸಿದಾಗ ನಾವು ಅದನ್ನು ವೈದ್ಯಕೀಯ ಅನಾಚಾರವೆಂದು ಓದಿದೆವು. ಅದು ಅನಾಚಾರವೂ ಹೌದು. ಆದರೆ ಮುಟ್ಟಿನ ದಿನಕ್ಕೂ ಖಾಡಾ ಬೀಳುವ ಲೆಕ್ಕದ ಪುಸ್ತಕ ಆಸ್ಪತ್ರೆಗಿಂತ ಮೊದಲು ಬರುತ್ತದೆ.

ಉಚಲ ಪದ ಇನ್ನೂ ಸೂಕ್ಷ್ಮವಾದುದು. ಮರಾಠಿಯಲ್ಲಿ 'ಉಚಲಣೇ' ಎಂದರೆ ಎತ್ತಿಕೊಳ್ಳುವುದು. ಲಕ್ಷ್ಮಣ ಗಾಯಕವಾಡರ ಆತ್ಮಕಥನ 'ಉಚಲ್ಯಾ' (1987) ಅದೇ ಧಾತುವಿನದು. ಅಲ್ಲಿ ಅದರ ಅರ್ಥ ಕಂಡದ್ದನ್ನು ಎತ್ತಿಕೊಂಡು ಹೋಗುವವನು, ಕಳ್ಳ. ಒಂದು ಇಡೀ ಸಮುದಾಯಕ್ಕೆ ವಸಾಹತು ಕಾನೂನು ಹಚ್ಚಿದ ಕಳಂಕ. ಕೊಡುವವನೂ ತೆಗೆದುಕೊಳ್ಳುವವನೂ ಇರುವ ವ್ಯವಹಾರಕ್ಕೆ ಭಾಷೆ ತೆಗೆದುಕೊಂಡವನ ಕಡೆಯಿಂದ ಹೆಸರಿಟ್ಟಿದೆ. ಒಡಿಶಾದಲ್ಲಿ ಇಂಥದೇ ಮುಂಗಡದ ಕೂಲಿಗೆ 'ದಾದನ್' ಎಂದು ಹೆಸರು, ಫಾರಸಿಯ 'ಕೊಡುವುದು' ಎಂಬ ಕ್ರಿಯೆಯಿಂದ ಬಂದದ್ದು. ಅಲ್ಲಿ ಕೊಟ್ಟವನು ಪದದಲ್ಲಿಯೇ ಸಿಕ್ಕಿಬೀಳುತ್ತಾನೆ, ಇಲ್ಲಿ ಎತ್ತಿಕೊಂಡವನು. ಜತ್ತದ ಕಡೆಯ ಕನ್ನಡದಲ್ಲಿಯೂ "ರೊಕ್ಕ ಎತ್ಯಾನ" ಎಂದೇ ಹೇಳುತ್ತಾರೆ. ಆ ಮಾತಿನ ಧಾಟಿಯಲ್ಲಿ ತುಸು ಆರೋಪವಿರುತ್ತದೆ. ಹಣ ಪಡೆದು ಟೋಳಿ ಕೆಲಸಕ್ಕೆ ಬಾರದಿದ್ದರೆ ವಂಚನೆಯ ದೂರು ಪೊಲೀಸ್ ಠಾಣೆಗೆ ಹೋಗುತ್ತದೆ, ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಕೂಲಿ ಕಡಿಮೆ ಕೊಟ್ಟದ್ದರ ದೂರು ಹಾಗೆ ಸುಲಭವಾಗಿ ಅಚ್ಚಾದುದನ್ನು ನಾನು ಕಂಡಿಲ್ಲ.

ಈಗ 'ಚೋಮನ ದುಡಿ'ಗೆ ಬರೋಣ. 1933ರಲ್ಲಿ ಪ್ರಕಟವಾದ ಈ ಕಾದಂಬರಿಯ ಬಗ್ಗೆ ಕನ್ನಡ ವಿಮರ್ಶೆ ಬರೆದದ್ದು ಅಪಾರ. ಭೂಮಿಯ ಹಂಬಲ, ಅಸ್ಪೃಶ್ಯತೆ, ಮತಾಂತರದ ಸೆಳೆತ, ದುಡಿಯ ಪ್ರತಿಮೆ, 1975ರಲ್ಲಿ ಬಿ. ವಿ. ಕಾರಂತರು ಮಾಡಿದ ಚಲನಚಿತ್ರ ಇವೆಲ್ಲ ಚರ್ಚೆಯಾಗಿವೆ. ಈ ಓದುಗಳೆಲ್ಲ ಚೋಮನಿಗೆ ಒಬ್ಬನೇ ಒಡೆಯನಿದ್ದಾನೆಂದು ಭಾವಿಸುತ್ತವೆ: ಸಂಕಪ್ಪಯ್ಯ. ಅವನಲ್ಲಿ ಭೂಮಿ ಕೇಳಿ ಸಿಗದೆ ಚೋಮ ನಾಶವಾಗುತ್ತಾನೆ ಎಂಬುದು ನಾವು ಪಾಠ ಹೇಳುವ ಸಾರಾಂಶ. ಆದರೆ ಚೋಮನ ಮನೆಯನ್ನು ಒಬ್ಬೊಬ್ಬರನ್ನಾಗಿ ಖಾಲಿ ಮಾಡುವವನು ಸಂಕಪ್ಪಯ್ಯನಲ್ಲ. ಖಾಲಿ ಮಾಡುವುದು ಘಟ್ಟದ ತೋಟ. ಸಾಲ ತೀರಿಸಲು ಚನಿಯ, ಗುರುವ ಹೋಗುತ್ತಾರೆ. ಗುರುವ ಅಲ್ಲೇ ಉಳಿಯುತ್ತಾನೆ, ಚನಿಯ ಜ್ವರ ಹೊತ್ತು ಮರಳಿ ಸಾಯುತ್ತಾನೆ. ಸಾಲ ಮಾತ್ರ ನಿಂತ ಹಾಗೆಯೇ ನಿಂತಿರುತ್ತದೆ. ಇಬ್ಬರು ಗಂಡುಮಕ್ಕಳ ದುಡಿಮೆ ಎಲ್ಲಿ ಜಮೆಯಾಯಿತು? ಕಾದಂಬರಿ ಲೆಕ್ಕ ಕೊಡುವುದಿಲ್ಲ, ಚೋಮನಿಗೂ ಯಾರೂ ಕೊಡುವುದಿಲ್ಲ. ವಿಮರ್ಶಕರಾದ ನಾವೂ ಕೇಳಲಿಲ್ಲ. ತೋಟದ ಸಾಲ ನಮಗೆ ಕಥೆಯನ್ನು ಮುಂದಕ್ಕೆ ನೂಕುವ ತಂತ್ರವಾಗಿ ಕಂಡಿತು.

ಕಡೆಗೆ ಬೆಳ್ಳಿ ಹೋಗುತ್ತಾಳೆ. ತೋಟದವರ ಪುಸ್ತಕದಲ್ಲಿ ಸಾಲ ಅಳಿಯುತ್ತದೆ, ಅವಳ ಮೈ ಅದರ ಬೆಲೆಯಾಗುತ್ತದೆ. ಈ ಘಟನೆಯನ್ನು ನಾವು ಶೋಷಣೆ ಎಂದು ಕರೆದು ಮುಂದೆ ಹೋಗುತ್ತೇವೆ. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಇಟ್ಟುಕೊಂಡು ಓದಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಇಬ್ಬರು ಯುವಕರ ಶ್ರಮದಿಂದ ಅಳಿಯದ ಸಾಲ ಒಡೆಯನ ಮರ್ಜಿಯಿಂದ ಒಂದು ಗಳಿಗೆಯಲ್ಲಿ ಅಳಿಯುತ್ತದೆಂದರೆ ಅದು ಸಾಲವಾಗಿಯೇ ಇರಲಿಲ್ಲ, ಹಗ್ಗವಾಗಿತ್ತು. ಹಗ್ಗ ಹಿಡಿದವನು ಬಿಟ್ಟನು, ಅಷ್ಟೇ. ಕಾರಂತರು ಇದನ್ನು ಬಲ್ಲವರಾಗಿದ್ದರು ಎಂದೇ ನನ್ನ ನಂಬಿಕೆ. ಚೋಮ ಸಾಲ ಹರಿದ ಸುದ್ದಿ ಕೇಳಿ ಸಂತೋಷಪಡುವ ಭಾಗದ ಕ್ರೌರ್ಯ ಅಲ್ಲಿದೆ: ಅವನು ಉಪಕಾರವೆಂದು ತಿಳಿದದ್ದು ಅಪರಾಧ. ನ್ಯಾಯವಾಗಿ ಅವನದೇ ಆಗಿದ್ದುದನ್ನು ಅವನು ಕೃಪೆಯೆಂದು ಸ್ವೀಕರಿಸುತ್ತಾನೆ.

ಕುವೆಂಪು ಅವರ ಎರಡು ಮಹಾಕಾದಂಬರಿಗಳಲ್ಲಿಯೂ ಮುಂಗಡದ ಮನುಷ್ಯ ಬರುತ್ತಾನೆ, ಸೇರೆಗಾರನಾಗಿ. ಘಟ್ಟದ ಕೆಳಗಿನಿಂದ ಆಳುಗಳನ್ನು ಕೂಡಿಸಿ ಮಲೆನಾಡಿಗೆ ತರುವವನು ಅವನು. 'ಕಾನೂರು ಹೆಗ್ಗಡಿತಿ'ಯ ರಂಗಪ್ಪಸೆಟ್ಟಿ, 'ಮಲೆಗಳಲ್ಲಿ ಮದುಮಗಳು'ವಿನ ಚೀಂಕ್ರ, ಇಬ್ಬರೂ ಮರೆಯಲಾಗದ ಪಾತ್ರಗಳು. ಮರೆಯಲಾಗದಿರುವುದೇ ಇಲ್ಲಿ ಸ್ವಲ್ಪ ತೊಡಕು. ಸೇರೆಗಾರನ ಲಂಪಟತನ, ಕುತಂತ್ರ, ಬಾಯಿಬಡಕತನಗಳು ಎಷ್ಟು ಬಣ್ಣದಿಂದ ಮೂಡುತ್ತವೆಂದರೆ ಆಳುಗಳ ಕಷ್ಟಕ್ಕೆಲ್ಲ ಅವನೇ ಮೂಲವೆಂದು ಓದುಗ ತೀರ್ಮಾನಿಸಿಬಿಡುತ್ತಾನೆ. ಅವನು ಯಾರಿಗಾಗಿ ಆಳು ತಂದನೋ ಆ ಮನೆತನದ ಒಳಗಿನ ನೋವುನಲಿವುಗಳಲ್ಲಿ ನಾವು ಬೆರೆತಿರುತ್ತೇವೆ. ಕಾದಂಬರಿಯ ದೊಡ್ಡತನವನ್ನು ನಾನು ಪ್ರಶ್ನಿಸುತ್ತಿಲ್ಲ. ಮಧ್ಯವರ್ತಿಗೆ ಮುಖವಿದ್ದು ಆಳುಗಳ ಲೆಕ್ಕದಲ್ಲಿ ಒಡೆಯನಿಗೆ ಮುಖವಿಲ್ಲದ ಈ ಕ್ರಮ ನಮ್ಮ ಕಥನದಲ್ಲಿ ರೂಢಿಯಾಗಿದೆ ಎನ್ನುತ್ತಿದ್ದೇನೆ, ಅಷ್ಟೆ.

ಜತ್ತದಲ್ಲಿ ಈ ರೂಢಿ ಕಾನೂನಿನ ತಂತ್ರವೇ ಆಗಿದೆ. ಮುಕಾದಮ ಅದೇ ಊರಿನವನು, ಅನೇಕ ವೇಳೆ ಅದೇ ಜಾತಿಯವನು, ಕೆಲವೊಮ್ಮೆ ಸೋದರಮಾವ. ಅವನಿಗೆ ಹಣ ಕೊಟ್ಟವನು ಟ್ರ್ಯಾಕ್ಟರಿನ ಮಾಲಕ. ಟ್ರ್ಯಾಕ್ಟರಿನವನ ಕರಾರು ಇರುವುದು ಅನೇಕ ಕಡೆ ಕಾರ್ಖಾನೆಯೊಂದಿಗಲ್ಲ, ಕಬ್ಬಿನ ಕಡಿತ ಮತ್ತು ಸಾಗಣೆಗೆಂದು ಪ್ರತ್ಯೇಕವಾಗಿ ಕಟ್ಟಿದ ಸಂಸ್ಥೆಯೊಂದಿಗೆ. ಸಂಸ್ಥೆಯ ಹಿಂದೆ ಕಾರ್ಖಾನೆ. ಕಾರ್ಖಾನೆ ಸಹಕಾರಿಯಾಗಿದ್ದರೆ ಅದರ ಮಾಲಕರು ಕಬ್ಬು ಬೆಳೆದ ಸದಸ್ಯ ರೈತರೇ. ಪ್ರವರಾದಲ್ಲಿ ವಿಠ್ಠಲರಾವ್ ವಿಖೆ ಪಾಟೀಲ ಮತ್ತು ಧನಂಜಯರಾವ್ ಗಾಡಗೀಳರ ಪ್ರಯತ್ನದಿಂದ 1950ರ ಹೊತ್ತಿಗೆ ಆರಂಭವಾದ ಸಹಕಾರಿ ಸಕ್ಕರೆಯ ಕಥೆ ರೈತನನ್ನು ಮಾಲಕನನ್ನಾಗಿ ಮಾಡಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಆ ಕಥೆಯಲ್ಲಿ ಕಬ್ಬು ತಾನಾಗಿಯೇ ಗದ್ದೆಯಿಂದ ಗಾಣಕ್ಕೆ ನಡೆದುಹೋಗುತ್ತದೆ. ಕಡಿದವನು ಕಾರ್ಖಾನೆಯ ನೌಕರನಲ್ಲ, ರೈತನ ಆಳೂ ಅಲ್ಲ, ಟ್ರ್ಯಾಕ್ಟರಿನವನ ಕೂಲಿಯೂ ಅಲ್ಲ. 'ನಿನ್ನ ಮಾಲಕ ಯಾರು?' ಎಂದು ಕೇಳಿದರೆ ಅವನು ಮುಕಾದಮನ ಹೆಸರು ಹೇಳುತ್ತಾನೆ. ಕಾನೂನನ್ನು ಅಲಕ್ಷಿಸುವುದಕ್ಕೆ ಇದಕ್ಕಿಂತ ಉತ್ತಮ ಉಪಾಯವಿಲ್ಲ. ಉಲ್ಲಂಘಿಸುವವನು ವಾಕ್ಯದ ಕರ್ತೃಸ್ಥಾನದಿಂದಲೇ ಜಾರಿಕೊಂಡಿರುತ್ತಾನೆ; ಉಳಿಯುವುದು ಕರ್ಮಣಿ ಪ್ರಯೋಗ. ಕೂಲಿ ಕೊಡಲಾಗಲಿಲ್ಲ, ನೋಂದಣಿ ಮಾಡಲಾಗಿಲ್ಲ.

ಆದರೆ ಕಾನೂನು ಎಂಬ ಪಠ್ಯ ಈ ಆಟವನ್ನು ಬಲ್ಲದು. ಸಾಹಿತ್ಯದ ವಿದ್ಯಾರ್ಥಿಗಳು ಶಾಸನಗಳನ್ನು ಓದುವುದಿಲ್ಲವೆಂಬುದು ನಮ್ಮ ಶಿಕ್ಷಣದ ಒಂದು ಕೊರತೆ. ಓದಿದರೆ ಅಲ್ಲಿಯೂ ಕಥನ ಸಿಗುತ್ತದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ 'ಪ್ರಧಾನ ಉದ್ಯೋಗದಾತ' ಎಂಬ ಪಾತ್ರವನ್ನು ಸೃಷ್ಟಿಸಿ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಅವನೇ ಕೊಡಬೇಕೆಂದಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಮುಂಗಡದ ಮೇಲೆ ನಿಂತ ಜೀತದ ಸಾಲವನ್ನೇ ಅಳಿಸಿತು. ಜೀತದ ಸಾಲವಲ್ಲವೆಂದು ಸಾಧಿಸುವ ಹೊಣೆಯನ್ನು ಸಾಲ ಕೊಟ್ಟವನ ತಲೆಗೆ ಕಟ್ಟಿತು. 1982ರ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಸಂವಿಧಾನದ 23ನೆಯ ಅನುಚ್ಛೇದದ 'ಬಲವಂತ' ಎಂಬ ಪದವನ್ನು ಓದಿದ ರೀತಿ ಯಾವ ವಿಮರ್ಶಕನಾದರೂ ಹೆಮ್ಮೆಪಡುವಂಥದು. ಬಲವಂತ ಎಂದರೆ ಕೋಲಿನದು ಮಾತ್ರವಲ್ಲ, ಹಸಿವಿನದೂ ಹೌದು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವವನು ಬಲವಂತದ ದುಡಿಮೆಯಲ್ಲಿದ್ದಾನೆ ಎಂಬುದು ಆ ಓದಿನ ತಿರುಳು. ಮರುವರ್ಷ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವಿದೆಯೆಂದು ಊಹಿಸಬೇಕು ಎಂದಿತು. ಚೋಮನ ಲೆಕ್ಕ ಕಾದಂಬರಿಯಲ್ಲಿ ಸಿಗದಿದ್ದರೂ ನ್ಯಾಯಾಲಯ ಅದನ್ನು ಚೋಮನಿಂದ ಕೇಳುತ್ತಿರಲಿಲ್ಲ, ತೋಟದವರಿಂದ ಕೇಳುತ್ತಿತ್ತು.

ಈ ಶಾಸನಗಳ ಸಾಲಿನಲ್ಲಿ ಗಡಿನಾಡಿನವರಾದ ನಾವು ಮುಖ್ಯವಾಗಿ ಓದಬೇಕಾದದ್ದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ಒಡಿಶಾದ ದಾದನ್ ಕೂಲಿಗಳ ಸಂಕಟದಿಂದ ಹುಟ್ಟಿದ ಕಾಯ್ದೆ ಅದು. ಗುತ್ತಿಗೆದಾರನ ಮೂಲಕ ಬೇರೆ ರಾಜ್ಯಕ್ಕೆ ದುಡಿಯಲು ಹೋದವನಿಗೆ ಕೂಲಿಯಲ್ಲದೆ ತಿಂಗಳ ಕೂಲಿಯ ಅರ್ಧದಷ್ಟಾದರೂ ಸ್ಥಳಾಂತರ ಭತ್ಯೆ, ಅದೂ ಮರಳಿಸಬೇಕಾಗಿಲ್ಲದ್ದು, ಹೋಗಿಬರುವ ಖರ್ಚು, ವಸತಿ, ಔಷಧ. ಅದರ 19ನೆಯ ಕಲಮು ಗುತ್ತಿಗೆದಾರನಾಗಲಿ ಪ್ರಧಾನ ಉದ್ಯೋಗದಾತನಾಗಲಿ ಕೊಟ್ಟ ಸಾಲದಲ್ಲಿ ಕೆಲಸದ ಅವಧಿ ಮುಗಿದ ಮೇಲೆ ಬಾಕಿ ಉಳಿದದ್ದು ಅಳಿದುಹೋಯಿತೆಂದೇ ತಿಳಿಯಬೇಕು ಎನ್ನುತ್ತದೆ. ಉಚಲದ ಬಾಕಿಯನ್ನು ಮುಂದಿನ ಹಂಗಾಮಿಗೆ ಸಾಗಿಸುವ ಪದ್ಧತಿಗೆ ನೇರ ಉತ್ತರವಿದು. ಬೆಳ್ಳಿ ಹೋಗಬೇಕಾಗಿರಲಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು 12ನೆಯ ಕಲಮು. ಪ್ರತಿ ವಲಸೆ ಕಾರ್ಮಿಕನಿಗೂ ಗುತ್ತಿಗೆದಾರ ಭಾವಚಿತ್ರವಿರುವ ಪಾಸ್‌ಬುಕ್ ಕೊಡಬೇಕು. ಕೆಲಸದ ಸ್ಥಳ, ಅವಧಿ, ಕೂಲಿಯ ದರ, ಕಡಿತಗಳು ಎಲ್ಲವನ್ನೂ ಹಿಂದಿ ಇಂಗ್ಲಿಷುಗಳಲ್ಲಿ ಬರೆಯಬೇಕು. ಕಾರ್ಮಿಕನ ಭಾಷೆ ಅವೆರಡೂ ಅಲ್ಲದಿದ್ದರೆ ಅವನ ಭಾಷೆಯಲ್ಲಿಯೂ ಬರೆಯಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ನಾವು ಸಾಮಾನ್ಯವಾಗಿ 350ಎ ಅನುಚ್ಛೇದವನ್ನು, ಶಾಲೆಯನ್ನು, ಕಚೇರಿಯ ಫಲಕವನ್ನು ನೆನೆಯುತ್ತೇವೆ. ಕೂಲಿಯ ಲೆಕ್ಕ ತನ್ನ ಭಾಷೆಯಲ್ಲಿ ಕೈಗೆ ಸಿಗಬೇಕೆಂಬುದೂ ಭಾಷಾ ಹಕ್ಕೆಂದು ಸಂಸತ್ತು 1979ರಲ್ಲಿಯೇ ಬರೆದಿಟ್ಟಿತ್ತು. ನಮ್ಮ ವಿಚಾರಸಂಕಿರಣಗಳಲ್ಲಿ ಇದರ ಪ್ರಸ್ತಾಪವನ್ನು ನಾನು ಒಮ್ಮೆಯೂ ಕೇಳಿಲ್ಲ. ಹೇಳಬೇಕಾದವರಲ್ಲಿ ನಾನೂ ಒಬ್ಬ.

ವ್ಯಂಗ್ಯವೆಂದರೆ ಈ ಹಕ್ಕು ಯಾರಿಗೆ ಸಿಗುತ್ತದೆಂಬುದನ್ನು ನಿರ್ಧರಿಸುವುದು ರಾಜ್ಯಗಳ ಗಡಿ. ಉಮದಿಯ ಒಂದು ಕೋಯತಾ ಗಡಿಯಾಚೆಯ ಅಥಣಿಗೆ ಹೋದರೆ ಅಂತರರಾಜ್ಯ ವಲಸೆ ಕಾರ್ಮಿಕ. ಅಲ್ಲಿ ಗದ್ದೆಯ ರೈತನೂ ಚೀಟಿ ಬರೆಯುವವನೂ ಅಂಗಡಿಯವನೂ ಅವರ ಮಾತನ್ನೇ ಆಡುವವರು. ಪಾಸ್‌ಬುಕ್ಕು ಕನ್ನಡದಲ್ಲಿರಬೇಕೆಂಬ ಕಲಮು ಅಲ್ಲಿ ಅನ್ವಯಿಸುತ್ತದೆ. ಅದೇ ಜೋಡಿ ಸಾತಾರಾ ಜಿಲ್ಲೆಗೆ, ಮರಾಠಿಯ ನಡುವೆ, ಊರಿನಿಂದ ಅದಕ್ಕಿಂತ ಎಷ್ಟೋ ದೂರಕ್ಕೆ ಹೋದರೆ ಕಾನೂನಿನ ಕಣ್ಣಿಗೆ ಅವರು ವಲಸಿಗರೇ ಅಲ್ಲ. ಪಾಸ್‌ಬುಕ್ಕಿಲ್ಲ, ಭತ್ಯೆಯಿಲ್ಲ, 19ನೆಯ ಕಲಮೂ ಇಲ್ಲ. ಭಾಷೆ ನಿಜವಾಗಿ ಬೇಕಾದ ಕಡೆ ಭಾಷೆಯ ಹಕ್ಕಿಲ್ಲ. ಅವರನ್ನು ಕಾಯಲು ಉಳಿದದ್ದು 1976ರ ಕಾಯ್ದೆ. ಅದಕ್ಕೆ ಜಿಲ್ಲಾಧಿಕಾರಿ ಒಪ್ಪಬೇಕು, ಒಪ್ಪಿಸಲು ಯಾರಾದರೂ ಹೋಗಬೇಕು. ಇತ್ತೀಚೆಗೆ, 2025ರ ನವೆಂಬರ್ 21ರಂದು, ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1979ರ ಕಾಯ್ದೆ ಅವುಗಳಲ್ಲಿ ಕರಗಿತು. ಐದು ಜನರಿದ್ದರೆ ಅನ್ವಯಿಸುತ್ತಿದ್ದ ನಿಯಮಕ್ಕೆ ಈಗ ಹತ್ತು ಜನ ಬೇಕು. ಬಾಕಿ ಅಳಿಯುವ ಕಲಮು ಉಳಿದಿದೆ; ಸ್ಥಳಾಂತರ ಭತ್ಯೆ ಹೋಗಿದೆ; ವಲಸೆ ಕಾರ್ಮಿಕರ ಅಧ್ಯಾಯದಲ್ಲಿ ಅವರ ಭಾಷೆಯ ಪಾಸ್‌ಬುಕ್ಕಿನ ಮಾತೇ ಇಲ್ಲ. ನಾವು ಒಮ್ಮೆಯೂ ಕೇಳದ ಹಕ್ಕೊಂದು ನಮಗೆ ತಿಳಿಯದಂತೆಯೇ ಹೊರಟುಹೋಯಿತು.

ಗಡಿಯ ಮಾತು ಬಂದಾಗ ನಮ್ಮ ಬರವಣಿಗೆಯ ಇನ್ನೊಂದು ಅಭ್ಯಾಸವನ್ನು ಹೇಳಲೇಬೇಕು. 1967ರ ಮಹಾಜನ ಆಯೋಗದ ವರದಿ, ನೀರಿಗಾಗಿ ಜತ್ತದ ಪೂರ್ವಭಾಗದ ಹಳ್ಳಿಗಳು 2012ರಲ್ಲಿ ಮಾಡಿದ ಠರಾವು, 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಆ ಠರಾವನ್ನು ನೆನಪಿಸಿದಾಗ ಎದ್ದ ಗದ್ದಲ, ಇವೆಲ್ಲವುಗಳಲ್ಲಿ ಜತ್ತ ಎಂದರೆ ಭೂಮಿ, ನೀರು, ಜನಗಣತಿ. ಎರಡೂ ಕಡೆಯ ಲೇಖಕರು ಹಳ್ಳಿಗಳನ್ನು ಎಣಿಸಿದರು. ಆ ವಾದವಿವಾದ ನಡೆದ ನವೆಂಬರ್‌, ಡಿಸೆಂಬರ್ ತಿಂಗಳುಗಳಲ್ಲಿ ಆ ಹಳ್ಳಿಗಳ ಎಷ್ಟೋ ಮನೆಗಳಿಗೆ ಬೀಗವಿತ್ತು. ಮನೆಯವರು ಕಬ್ಬಿನ ಫಡದ ಪಕ್ಕ ಕೋಪಿ ಹಾಕಿಕೊಂಡಿದ್ದರು. ಯಾವ ರಾಜ್ಯಕ್ಕೆ ಸೇರಬೇಕೆಂದು ಅವರನ್ನು ಕೇಳಿದ್ದರೆ ಮೊದಲು ಕಾಟಾ ಸರಿಯಿರುವ ರಾಜ್ಯಕ್ಕೆ ಎಂದಿದ್ದಾರು.

ಮರಾಠಿಯಲ್ಲಿಯೂ ಇಂಥದೇ ಒಂದು ಪಲ್ಲಟವಾಗಿದೆ, ಅದು ಹೆಚ್ಚು ಕಲಾತ್ಮಕವಾದದ್ದು. ಇದೇ ಸಾಂಗ್ಲಿ ಜಿಲ್ಲೆಯ ವಾಟೇಗಾಂವದಲ್ಲಿ ಹುಟ್ಟಿ ಮುಂಬಯಿಗೆ ದುಡಿಯಲು ಹೋದ ಅಣ್ಣಾಭಾವು ಸಾಠೆಯವರು ಸಂಯುಕ್ತ ಮಹಾರಾಷ್ಟ್ರ ಚಳವಳಿಗಾಗಿ ಕಟ್ಟಿದ 'ಮಾಝೀ ಮೈನಾ ಗಾವಾವರ ರಾಹಿಲೀ' ಎಂಬ ಪದ ವಲಸೆ ಕೂಲಿಗಾರನ ವಿರಹದ್ದು. ಊರಲ್ಲಿ ಬಿಟ್ಟುಬಂದ ಹೆಂಡತಿಯ ನೆನಪು ನಿಧಾನವಾಗಿ ರಾಜ್ಯದಿಂದ ಹೊರಗುಳಿದ ಗಡಿಯ ಊರುಗಳ ನೆನಪಾಗಿ ಬದಲಾಗುತ್ತದೆ. ರೂಪಕ ಗೆದ್ದಿತು, ಹಾಡು ಮನೆಮಾತಾಯಿತು. ಕನ್ನಡಿಗರಾದ ನಾವು ಆ ಹಾಡಿನಲ್ಲಿ ಬೆಳಗಾವಿಯ ಹೆಸರು ಕೇಳಿ ಸಿಟ್ಟಾದೆವು, ಮರಾಠಿಗರು ಕಣ್ಣೀರಾದರು. ಕೂಲಿಗಾರ ಊರು ಬಿಟ್ಟದ್ದೇಕೆ ಎಂಬ ಮೊದಲ ಪ್ರಶ್ನೆ ಇಬ್ಬರಿಗೂ ಮರೆಯಿತು. ಸಾಠೆಯವರು ಸ್ವತಃ ಕಮ್ಯುನಿಸ್ಟರು, ಅದನ್ನು ಮರೆತವರಲ್ಲ. ಮರೆತದ್ದು ಹಾಡನ್ನು ಬಳಸಿದವರು. ಪಕ್ಕದ ಮಾಣದೇಶದ ವ್ಯಂಕಟೇಶ ಮಾಡಗೂಳಕರರ 'ಬನಗರವಾಡಿ'ಯ ಕೊನೆಯಲ್ಲಿ ಬರಗಾಲಕ್ಕೆ ಊರಿಗೆ ಊರೇ ಖಾಲಿಯಾಗುತ್ತದೆ. ಆ ಪುಟಗಳ ನಿಶ್ಶಬ್ದಕ್ಕೆ ಸಾಟಿಯಿಲ್ಲ. ಆದರೂ ಅದು ಆಕಾಶ ಖಾಲಿ ಮಾಡಿದ ಊರು. ಜತ್ತದ ಹಳ್ಳಿಗಳನ್ನು ಈಗ ಖಾಲಿ ಮಾಡುವುದು ಆಕಾಶವೊಂದೇ ಅಲ್ಲ. ಬರ ಎಂದು ಬರೆದಾಗಲೆಲ್ಲ ಛಾಪಾ ಕಾಗದದ ಮೇಲಿನ ಕರಾರು ಅದರ ಹಿಂದೆ ಅಡಗುತ್ತದೆ.

ಕಾಯಕದ ಪರಂಪರೆಯನ್ನು ತಂದು ಈ ನೋವಿಗೆ ಮುಲಾಮು ಹಚ್ಚುವವರೂ ಇದ್ದಾರೆ. ಬಿಜ್ಜಳನ ಮಂಗಳವೇಢೆ ಇಲ್ಲಿಗೆ ಹತ್ತಿರ, ದಾನಮ್ಮ ಹುಟ್ಟಿದ ಉಮರಾಣಿ ಇದೇ ತಾಲ್ಲೂಕಿನದು. ಹಾಗಾಗಿ ವೇದಿಕೆಯ ಭಾಷಣಗಳಲ್ಲಿ ಕಬ್ಬು ಕಡಿಯುವವರು ಥಟ್ಟನೆ ಕಾಯಕಯೋಗಿಗಳಾಗುತ್ತಾರೆ. ಶರಣರ ಕಾಯಕ ತಾನಾಗಿ ಆರಿಸಿಕೊಂಡದ್ದು, ಫಲವನ್ನು ಹಂಚುವ ಅಧಿಕಾರ ದುಡಿದವನ ಕೈಯಲ್ಲಿದ್ದದ್ದು. ಟನ್ನಿನ ದರವನ್ನು ಸಕ್ಕರೆ ಸಂಘ ಮತ್ತು ಸಂಘಟನೆಗಳ ನಾಯಕರು ದೂರದಲ್ಲಿ ಕೂತು ಮಾತಾಡಿ ನಿಶ್ಚಯಿಸುವ ದುಡಿಮೆಗೆ ಆ ಹೆಸರು ಕೊಡುವುದು ಶರಣರಿಗೂ ಅನ್ಯಾಯ.

ಭಾಷೆಯ ವಿಷಯದಲ್ಲಿ ಇನ್ನೊಂದು ಮಾತು. ಉಮದಿಯ ಭಾವುಸಾಹೇಬ ಮಹಾರಾಜರ ಪರಂಪರೆಯಲ್ಲಿ ಭಜನೆಗೆ ಕೂತವರು ಕನ್ನಡ ಪದವನ್ನೂ ಮರಾಠಿ ಅಭಂಗವನ್ನೂ ಒಂದೇ ಉಸಿರಿಗೆ ಹಾಡುತ್ತಾರೆ. ಭಾಷೆ ಬದಲಾದದ್ದು ಹಾಡುವವರಿಗೇ ತಿಳಿಯುವುದಿಲ್ಲ. ನಾವು ಇದನ್ನು ಗಡಿನಾಡಿನ ದ್ವಿಭಾಷಿಕತೆಯೆಂದು ಕೊಂಡಾಡಿ ಬರೆದಿದ್ದೇವೆ, ನಾನೂ ಬರೆದಿದ್ದೇನೆ. ಆದರೆ ಅದೇ ಜನ ಮಳೆಗಾಲದಲ್ಲಿ ಹೆಬ್ಬೆಟ್ಟು ಒತ್ತುವ ಕಾಗದ ಏಕಭಾಷೆಯದು. ಕಾಗದದ ಪ್ರತಿ ಅವರ ಕೈಗೆ ಬರುವುದೂ ಇಲ್ಲ. ಮಕ್ಕಳ ಪಾಡೂ ಹಾಗೆಯೇ: ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಹಾಜರಿಪಟ್ಟಿಯಲ್ಲಿ ಹೆಸರಿರುವ ಮಗು ದೀಪಾವಳಿಯ ಹೊತ್ತಿಗೆ ಕಾರ್ಖಾನೆಯ ಬಯಲಿನ ಸಾಖರಶಾಳೆಯಲ್ಲಿ, ಅದೂ ಇದ್ದರೆ, ಮರಾಠಿ ಅಕ್ಷರದ ಮುಂದೆ ಕೂತಿರುತ್ತದೆ.

ಮಹಾರಾಷ್ಟ್ರ ಸರಕಾರ ಏನೂ ಮಾಡಿಲ್ಲವೆನ್ನುವಂತಿಲ್ಲ. ಗೋಪೀನಾಥ ಮುಂಡೆಯವರ ಹೆಸರಿನ ಕಬ್ಬು ಕಡಿಯುವ ಕಾರ್ಮಿಕರ ಕಲ್ಯಾಣ ಮಹಾಮಂಡಳ ಸ್ಥಾಪನೆಯಾಗಿದೆ; ನುರಿಸಿದ ಟನ್ನಿಗೆ 10 ರೂಪಾಯಿಯಂತೆ ಕಾರ್ಖಾನೆಗಳಿಂದ ಹಣ ಕೂಡಿಸುವ ಏರ್ಪಾಡಾಗಿದೆ. ಗುರುತಿನ ಚೀಟಿ, ವಸತಿ ಶಾಲೆ, ವಿಮೆಗಳ ಮಾತು ಅಲ್ಲಿದೆ. ಕಲ್ಯಾಣ ಎಂಬ ಪದ ಮಾತ್ರ ನನ್ನನ್ನು ತುಸು ಅಳುಕಿಸುತ್ತದೆ. ಕಲ್ಯಾಣ ಕೊಡುವವನ ಕಡೆಯ ಪದ. ಮಾಲಕನು ಕೊಡಬೇಕಾದುದನ್ನು ಕೊಟ್ಟನೇ ಎಂದು ಅದು ಕೇಳುವುದಿಲ್ಲ. ಆದರೂ ಗುರುತಿನ ಚೀಟಿ ಸಣ್ಣ ಸಂಗತಿಯಲ್ಲ. ಗಂಡನಿಗೊಂದು, ಹೆಂಡತಿಗೊಂದು ಬೇರೆಬೇರೆ ಚೀಟಿ ಬಂದ ದಿನ ಕೋಯತಾ ಎರಡು ಮನುಷ್ಯರಾಗಿ ಒಡೆಯುತ್ತದೆ.

ಕಳೆದ ವರ್ಷ ಅದೇ ಪಾಠ ಮತ್ತೆ ಬಂತು. ಈ ಸಲ ನಾನು ಬೆಳ್ಳಿಯ ಭಾಗ ಮುಗಿದ ಮೇಲೆ 19ನೆಯ ಕಲಮನ್ನು ಬೋರ್ಡಿನ ಮೇಲೆ ಬರೆದು, ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತರೋಣ ಎಂದೆ. ಮೊದಲರ್ಧ ಸುಲಭವಾಗಿಯೇ ಬಂತು. ಸಾಲ ಏನಾಗುತ್ತದೆ ಎಂಬಲ್ಲಿ ತರಗತಿ ನಿಂತಿತು. ಒಬ್ಬ 'ತೀರತೈತಿ' ಎಂದ. ತೀರಬೇಕಾದರೆ ಕೊಟ್ಟು ತೀರಿಸಬೇಕು, ಇಲ್ಲಿ ಯಾರೂ ಕೊಟ್ಟಿಲ್ಲ ಎಂದು ಇನ್ನೊಬ್ಬ ತೆಗೆದುಹಾಕಿದ. 'ಹರಿತೈತಿ' ಎಂಬುದು ಕೆಲವರಿಗೆ ಹಿಡಿಸಿತು. ಅದಕ್ಕೂ ದುಡಿದು ಹರಿಸಿದ ವಾಸನೆಯಿದೆ ಎಂದು ಬಿಟ್ಟರು. ನಾನು ಬೋರ್ಡಿನ ಮೇಲೆ 'ಮಾಫ್ ಆಗುತ್ತದೆ' ಎಂದು ಬರೆಯತೊಡಗಿದೆ. ಹಿಂದಿನಿಂದ ಒಬ್ಬ ಹುಡುಗಿ ತಡೆದಳು: "ಸರ, ಮಾಫ್ ಅನಬ್ಯಾಡ್ರಿ. ಮಾಫ್ ಅಂದ್ರ ಅವರ ದೊಡ್ಡಸ್ತನ ಆಕ್ಕೈತಿ. ರದ್ದ ಅಂತ ಬರೀರಿ."

ಹಾಗೆಯೇ ಬರೆದೆ.